ನನ್ನ ಮಗನ ಉಸಿರು ನಿಂತ ಜಾಗ

ಕ್ಯಾನ್ಸಸ್ ಸಿಟಿ, ಮಿಸೌರಿ
ಅಕ್ಟೋಬರ್ ೧೯೪೩

ರೂಬೆನ್ ಟ್ಯಾಲಿಗೆ ಮಿಸೆಸ್ ಒಡೆಸ್ಸಾ ಪ್ರೂಯಿಟ್ ಬರೆಯುವ ಕಾಗದ.

ನಿನ್ನ ಪತ್ರ ಬಂದು ಸೇರಿತು. ಅಕ್ಷರ ಇನ್ನಷ್ಟು ನೆಟ್ಟಗಿರಬೇಕಿತ್ತು. ಹಗಲೆಲ್ಲ ಮೂಟೆ ಹೊತ್ತು ಕೈ ನಡುಗುತ್ತದೆ ಎಂದು ಬರೆದಿದ್ದೀಯ, ಆದ್ದರಿಂದ ಈ ಸಲ ಮನ್ನಿಸಿದ್ದೇನೆ.

ನೀನು ಕೇಳಿರುವುದು ಇಷ್ಟು. ಯುದ್ಧಕ್ಕೆ ಹಡಗು ಹತ್ತುವ ಮುಂಚೆ ನಿಮ್ಮ ಸೈನ್ಯದ ಶಿಬಿರದಲ್ಲಿ ಕೊನೆಯ ಕುಣಿತ ಇಟ್ಟುಕೊಂಡಿದ್ದಾರೆ. ಎಲ್ಲಿಂದಲೋ ಒಂದು ಹಳೆಯ ಸ್ಯಾಕ್ಸೋಫೋನ್ ಹುಡುಕಿ ತಂದು ನಿನ್ನ ಕೈಗೆ ಕೊಟ್ಟಿದ್ದಾರೆ. ಹುಡುಗರೆಲ್ಲ 'ಅಮ್ಮನ ಸೋಮವಾರ'ವನ್ನೇ ನುಡಿಸಬೇಕೆಂದು ಪಟ್ಟು ಹಿಡಿದಿದ್ದಾರೆ. ಗ್ರಾಮಫೋನ್ ಪ್ಲೇಟಿನಲ್ಲಿ ನನ್ನ ಮಗ ಎಲ್ವುಡ್ ಸುಮ್ಮನಾಗುವ, ತಾಳದ ಆ ಎಂಟು ಏಟಿನ ಜಾಗ ಬಂದಾಗ ನೀನೂ ಸುಮ್ಮನಾಗಬೇಕೋ, ಈಸ್ಟರ್ ಸೋಮವಾರ ಮಾಡಿದ ಹಾಗೆ ಊದಿ ತುಂಬಬೇಕೋ? ಅವತ್ತು ಊದಿದ್ದು ಸರಿಯೋ ತಪ್ಪೋ? ತಪ್ಪು ಎಂದರೆ ಇನ್ನು ವಾದ್ಯವನ್ನೇ ಮುಟ್ಟುವುದಿಲ್ಲ ಎಂದೂ ಸೇರಿಸಿದ್ದೀಯ. ಹಿರಿಯರನ್ನು ಹಾಗೆ ಕಟ್ಟಿಹಾಕಬಾರದು. ಆದರೂ ಉತ್ತರ ಕೊಡುತ್ತೇನೆ. ಅವತ್ತು ಒಗೆಯುವ ತೊಟ್ಟಿಯ ಪಕ್ಕ ನಿಂತು ನಿನಗೆ ಹೇಳಿದ್ದು ಅರ್ಧ ಮಾತ್ರ. ಉಳಿದರ್ಧ ಆಗ ನನಗೂ ಗೊತ್ತಿರಲಿಲ್ಲ.

ನನ್ನದು ಒಗೆಯುವ ಮನೆ. ಸೋಮವಾರ ಒಗೆತ, ಮಂಗಳವಾರ ಇಸ್ತ್ರಿ. ದಿಬ್ಬದ ಮೇಲಿನ ಬಿಳಿಯರ ಅಂಗಿ, ಮೇಜಿನ ಹಾಸು, ಮಕ್ಕಳ ಲಂಗ, ಎಲ್ಲವೂ ನನ್ನ ಹಿತ್ತಲಿನ ತಂತಿಯ ಮೇಲೆ ಒಣಗಿದವು. ಅವರ ಹಿತ್ತಲ ಬಾಗಿಲಲ್ಲಿ ನಾನು ಬರೀ ಒಡೆಸ್ಸಾ. ಹಲ್ಲು ಬಾರದ ಮಗುವೂ ಒಡೆಸ್ಸಾ ಎಂದೇ ಕರೆಯುತ್ತದೆ. ಅದಕ್ಕೇ ಹದಿನೆಂಟನೇ ಬೀದಿಯ ಈಚೆಗೆ, ನಮ್ಮ ಕರಿಯರ ಕೇರಿಗೆ ಬಂದ ಮೇಲೆ ಯಾರೂ ನನ್ನನ್ನು ಮಿಸೆಸ್ ಪ್ರೂಯಿಟ್ ಅನ್ನದೆ ಕರೆಯಕೂಡದು. ಹೈಸ್ಕೂಲು ಮುಗಿಸಿದ ಹೆಂಗಸು ನಾನು. ನಮ್ಮ ಓಣಿಯಲ್ಲಿ ನನ್ನ ವಯಸ್ಸಿನ ಇನ್ನೊಬ್ಬಳನ್ನು ತೋರಿಸು ನೋಡೋಣ.

ಎಲ್ವುಡ್ ಈ ತೊಟ್ಟಿಯ ಪಕ್ಕದಲ್ಲೇ ಬೆಳೆದ. ಅವನನ್ನು ಬುಟ್ಟಿಯಲ್ಲಿ ಮಲಗಿಸಿ ಬಟ್ಟೆ ಉಜ್ಜುತ್ತಿದ್ದೆ. ದೊಡ್ಡವನಾಗಿ ಲೂಥರ್ ಬ್ರಿಗ್ಸನ ಬ್ಯಾಂಡು ಸೇರಿದ ಮೇಲೆ ಒಂದು ದಿನ ಬಾಗಿಲಿಗೊರಗಿ ನಿಂತು ನಗುತ್ತ ಹೇಳಿದ, "ಅಮ್ಮಾ, ಹೊಸ ಹಾಡಿಗೆ ನಿನ್ನ ಹೆಸರಿಟ್ಟಿದೀನಿ, ಬೈಬೇಡ."

"ಸಾರಾಯಿ ಅಂಗಡೀಲಿ ಹೆತ್ತವಳ ಹೆಸರು ಕುಣಿಸ್ತೀಯೇನೋ?"

"ಹೆಸರು ಹೋಗಲಿ, ನಿನ್ನ ಕೈ ಕುಣಿಸ್ತಿದೀನಿ. ಎರಡು ಸಲ ಉಜ್ಜಿ ಒಂದು ಸಲ ಜಾಡಿಸ್ತೀಯಲ್ಲ, ಆ ಏಟು ಕದ್ದೆ."

"ಕದ್ದದ್ದನ್ನ ವಾಪಸ್ ಕೊಡು."

"ಆಗಲ್ಲಮ್ಮ. ಅದಾಗ್ಲೇ ಚಿಕಾಗೋಗೆ ಹೊರಟಾಯ್ತು."

ನಾನು ಚರ್ಚಿನ ಹೆಂಗಸು, ಕುಣಿತದ ಹಾಲಿಗೆ ಕಾಲಿಟ್ಟವಳಲ್ಲ. ಆದರೆ ಕಿವಿಗೆ ಅಗುಳಿ ಹಾಕಲು ಬರುವುದಿಲ್ಲವಲ್ಲ. ಆ ವರ್ಷಗಳಲ್ಲಿ ಈ ಊರಿಗೆ ಹಿಡಿದಿದ್ದ ಹುಚ್ಚು ನಿನಗೂ ಗೊತ್ತು. ಮಾಂಸದ ಕಾರ್ಖಾನೆಯಲ್ಲಿ ಹಗಲೆಲ್ಲ ರಕ್ತದಲ್ಲಿ ನಿಂತವರು ಸಂಜೆ ಬೂಟು ಬಿಚ್ಚಿ ಹೊಳೆಯುವ ಷೂ ಏರಿಸುತ್ತಿದ್ದರು. ಅಡಿಗೆಯವಳು, ಲಿಫ್ಟು ನಡೆಸುವವನು, ರೈಲಿನ ಹಮಾಲಿ, ಎಲ್ಲರಿಗೂ ಒಂದೊಂದು ಬ್ಯಾಂಡು ತಮ್ಮದು. ಯಾವ ಬ್ಯಾಂಡಿನ ತುತ್ತೂರಿ ಜೋರು ಎಂದು ಗಂಡ ಹೆಂಡತಿ ಮಾತು ಬಿಟ್ಟದ್ದಿದೆ. ಬಿಳಿಯರ ಮಕ್ಕಳು ರೇಡಿಯೋದಲ್ಲಿ ಕೇಳಿ ತಮ್ಮ ಮನೆಗಳಲ್ಲಿ ಕುಣಿಯುತ್ತಿದ್ದರು, ಆ ಕುಣಿತದ ಬೆವರಿನ ಅಂಗಿ ನನ್ನ ತೊಟ್ಟಿಗೇ ಬರುತ್ತಿತ್ತು. ದೇಶಕ್ಕೆ ದೇಶವೇ ನಮ್ಮವರು ಕಟ್ಟಿದ ತಾಳಕ್ಕೆ ಕಾಲು ಹಾಕುತ್ತಿತ್ತು. ನಮ್ಮವರು ಮಾತ್ರ ಆ ದೇಶದ ಒಂದು ಹೋಟೆಲಿನಲ್ಲೂ ಮಲಗುವ ಹಾಗಿರಲಿಲ್ಲ. ಒಂದೂರಿನಲ್ಲಿ ನುಡಿಸು, ಬಸ್ಸು ಹತ್ತು, ಕೂತಲ್ಲೇ ತೂಕಡಿಸು, ಇನ್ನೊಂದೂರಿನಲ್ಲಿ ಇಳಿದು ಮತ್ತೆ ನುಡಿಸು. ಅದು ಎಲ್ವುಡ್‌ನ ಎದೆಯನ್ನು ಒಳಗಿಂದ ತಿಂದಿತು.

ಪ್ಲೇಟು ಮಾಡಿಸಲು ಚಿಕಾಗೋಗೆ ಹೋದದ್ದೂ ಹಾಗೆಯೇ, ಚಳಿಯ ಬಸ್ಸಿನಲ್ಲಿ, ನಿದ್ದೆಯಿಲ್ಲದೆ. ಅಲ್ಲಿ ನಡೆದದ್ದನ್ನು ಎಲ್ವುಡ್ ನನಗೊಬ್ಬಳಿಗೇ ಹೇಳಿದ. ಅಲ್ಲಿ ಸ್ವರವೆಲ್ಲ ಬಿಸಿ ಮೇಣದ ತಟ್ಟೆಯ ಮೇಲೆ ಗೀರಾಗಿ ಬೀಳುತ್ತದೆ; ಗೀರು ಬಿದ್ದರೆ ಬಿತ್ತು, ತಿದ್ದುವ ಹಾಗಿಲ್ಲ. ತನ್ನ ಸರದಿ ಬಂದಾಗ ಎದ್ದು ನಿಂತು ಊದಿದ. ಅರ್ಧ ಚೆನ್ನಾಗಿ ಹೋಯಿತು. ಆಮೇಲೆ ಎದೆಯಲ್ಲಿ ಗಾಳಿ ಇಲ್ಲ, ಕೆಮ್ಮು ಗಂಟಲಿಗೆ ಬಂದು ನಿಂತಿದೆ. ಕೆಮ್ಮಿದರೆ ಪ್ಲೇಟು ಹಾಳು, ಎಲ್ಲರ ಶ್ರಮ ಹಾಳು. ತುಟಿ ಕಚ್ಚಿ ಕೆಮ್ಮನ್ನು ನುಂಗಿದ. ಹಿಂದಿನಿಂದ ಡ್ರಮ್ಮು, ಬೇಸು, ಪಿಯಾನೋ ಮಾತ್ರ ಎಂಟು ಏಟು ನಡೆದವು. ಕೊನೆಗೆ ಹಲ್ಲಿನ ಸಂದಿಯಿಂದ ಸ್ಸ್ ಎಂದು ಉಸಿರೆಳೆದು, ಸಿಕ್ಕಷ್ಟು ಗಾಳಿಯಲ್ಲಿ ಒಂದೇ ಒಂದು ಕೆಳಗಿನ ಸ್ವರ ಊದಿ ಕೂತುಬಿಟ್ಟ. ಇನ್ನೊಂದು ಸಲ ಮಾಡೋಣ ಎಂದನಂತೆ. ಬ್ರಿಗ್ಸ್ ಅವನ ಭುಜ ತಟ್ಟಿ, "ಹುಚ್ಚಪ್ಪ, ಇದೇ ಇರಲಿ. ಹೀಗೆ ಸುಮ್ಮನಿರೋ ಧೈರ್ಯ ಯಾರಿಗಿದೆ?" ಅಂದನಂತೆ.

ಮುಂದಿನದು ಊರಿಗೆಲ್ಲ ಗೊತ್ತು. ಕಾಸು ಹಾಕಿದರೆ ಹಾಡುವ ಪೆಟ್ಟಿಗೆ ಇದ್ದಲ್ಲೆಲ್ಲ 'ಅಮ್ಮನ ಸೋಮವಾರ' ಮೊಳಗಿತು. ಕುಣಿಯುವವರು ಆ ಖಾಲಿ ಜಾಗವನ್ನು ತಮ್ಮದಾಗಿ ಮಾಡಿಕೊಂಡರು. ಎಲ್ವುಡ್‌ನ ಸ್ಯಾಕ್ಸೋಫೋನ್ ನಿಂತ ಕೂಡಲೇ ಹಾಲಿಗೆ ಹಾಲೇ ಇದ್ದಲ್ಲಿಯೇ ನಿಲ್ಲುವುದು. ಎತ್ತಿದ ಕೈ ಎತ್ತಿದಂತೆ, ತಿರುಗುತ್ತಿದ್ದ ಹುಡುಗಿ ಅರ್ಧ ತಿರುಗಿದಂತೆ. ಎಂಟು ಏಟು ಯಾರೂ ಉಸಿರಾಡುವಂತಿಲ್ಲ. ಆ ಕೆಳಗಿನ ಸ್ವರ ಬಂದಾಗ ಎಲ್ಲರೂ ಒಟ್ಟಿಗೆ ಮಂಡಿ ಬಗ್ಗಿಸಿ ಕುಸಿದು ಏಳುವುದು. ನನ್ನ ಮಗಳು ಯೂನಿಸ್ ಹಗಲು ಮದ್ದಿನ ಗುಂಡು ತುಂಬುವ ಕಾರ್ಖಾನೆಗೆ ಹೋಗಿ ಬಂದು, ಸಂಜೆ ಅಡಿಗೆಮನೆಯಲ್ಲಿ ಕುರ್ಚಿ ಹಿಡಿದು ಅದನ್ನೇ ಅಭ್ಯಾಸ ಮಾಡುತ್ತಿದ್ದಳು.

ಪ್ಲೇಟು ಕೇಳಿ ಬಂದ ಜನಕ್ಕೆ ಪ್ಲೇಟಿನಲ್ಲಿದ್ದದ್ದೇ ಬೇಕು. ಒಂದು ಸ್ವರ ಆಚೀಚೆ ಆದರೂ ಮೋಸ ಹೋದೆವೆನ್ನುತ್ತಾರೆ. ಆದ್ದರಿಂದ ಎಲ್ವುಡ್ ಪ್ರತಿ ಊರಿನಲ್ಲೂ ಅದೇ ಜಾಗದಲ್ಲಿ ಸುಮ್ಮನಾಗಬೇಕಾಯಿತು. ಗಾಳಿ ಇದ್ದ ದಿನವೂ, ಇಲ್ಲದ ದಿನವೂ. "ಅಮ್ಮಾ, ಸುಮ್ಮನೆ ನಿಂತಿದ್ದಕ್ಕೆ ಚಪ್ಪಾಳೆ ಗಿಟ್ಟಿಸಿದೋನು ಈ ಲೋಕದಲ್ಲಿ ನಾನೊಬ್ನೇ," ಎಂದು ನಗುತ್ತಿದ್ದ. ನಗು ಮುಗಿಯುವ ಮುಂಚೆ ಕೆಮ್ಮು ಬರುತ್ತಿತ್ತು.

ಕಾಯಿಲೆ ಏನೆಂದು ನನಗೆ ವೈದ್ಯರು ಹೇಳಬೇಕಾಗಿರಲಿಲ್ಲ. ಒಗೆಯುವವಳಿಂದ ಯಾರ ಮನೆಯ ಗುಟ್ಟೂ ಮುಚ್ಚಿಡಲಾಗದು. ಅವನು ಊರಿಗೆ ಬಂದಾಗಲೆಲ್ಲ ಅವನ ಕರವಸ್ತ್ರಗಳನ್ನು ಬೇರೆ ಬಾನಿಯಲ್ಲಿ ನೆನೆಹಾಕುತ್ತಿದ್ದೆ. ರಕ್ತಕ್ಕೆ ತಣ್ಣೀರೇ ಆಗಬೇಕು, ಬಿಸಿನೀರು ಬಿದ್ದರೆ ಕಲೆ ಕೂತುಬಿಡುತ್ತದೆ. ಬ್ರಿಗ್ಸನನ್ನು ಕರೆಸಿ ನಡುಮನೆಯಲ್ಲಿ ನಿಲ್ಲಿಸಿ ಕೇಳಿದೆ, "ಲೂಥರ್, ನನ್ನ ಮಗನನ್ನು ಬಿಡು." ಅವನು ಟೋಪಿ ತಿರುಗಿಸುತ್ತ, "ಮಿಸೆಸ್ ಪ್ರೂಯಿಟ್, ನಾನು ಹಿಡ್ಕೊಂಡಿಲ್ಲ. ಅವನೇ ಬಿಡ್ತಿಲ್ಲ," ಅಂದ. ಅದು ನಿಜ. ಎಲ್ವುಡ್ ನನಗೆ ಹೇಳಿದ್ದೂ ಅದನ್ನೇ. "ಇಲ್ಲಿ ಮಲಗಿದ್ರೆ ನಾನು ಬರೀ ರೋಗಿ ಅಮ್ಮಾ. ಅಲ್ಲಿ ಎದ್ದು ನಿಂತ್ರೆ ಎಲ್ವುಡ್ ಪ್ರೂಯಿಟ್." ನಿಲ್ಲಲಾಗದ ದಿನ ಬಂದ ಮೇಲೆ ಮನೆಗೆ ಬಂದ.

ಎದೆಯ ಶೀತ ಎಂದು ಎಲ್ಲರಿಗೂ ಹೇಳಿದೆ. ಪಾದ್ರಿಗೆ, ನೆರೆಯವರಿಗೆ, ಯೂನಿಸ್‌ಗೆ ಕೂಡ. ಕ್ಷಯದ ಮನೆಗೆ ಬಟ್ಟೆ ಕೊಡುವವರು ಯಾರು? ಆದರೆ ಅಷ್ಟೇ ಅಲ್ಲ. ನನ್ನ ಮಗನ ಹೆಸರಿನ ಜೊತೆ ಆ ರೋಗದ ಹೆಸರು ಯಾರ ಬಾಯಲ್ಲೂ ಬರಕೂಡದಾಗಿತ್ತು. ಅವನ ಲೋಟ, ತಟ್ಟೆ ಬೇರೆ ಇಟ್ಟೆ. ಕಿಟಕಿ ತೆರೆದಿಟ್ಟು ನಾನು ಕೋಟು ಹಾಕಿಕೊಂಡು ಅವನ ಪಕ್ಕ ಕೂತೆ.

ನಮ್ಮ ಎದುರಿಗೆ ಡಾಬ್ಸನ ಸುಟ್ಟ ಮಾಂಸದ ಅಂಗಡಿ. ನೀನು ನೋಡಿದ್ದೀಯ. ಅಲ್ಲಿನ ಹಾಡುವ ಪೆಟ್ಟಿಗೆಯಲ್ಲಿ ದಿನವಿಡೀ ಅದೇ ಹಾಡು. ಒಳಗೆ ಮಗ ಒಂದೊಂದು ಉಸಿರಿಗೂ ಹೆಣಗುತ್ತಿದ್ದಾನೆ, ಹೊರಗೆ ಅದೇ ಮಗ ಊದುತ್ತಿದ್ದಾನೆ, ಜನ ಕಾಲು ಬಡಿಯುತ್ತಿದ್ದಾರೆ. ಒಂದು ಮಧ್ಯಾಹ್ನ ಸಹಿಸಲಾಗದೆ ಬೀದಿ ದಾಟಿ ಹೋದೆ. ಡಾಬ್ಸ್ ಕೈ ಒರೆಸಿಕೊಳ್ಳುತ್ತ, "ಏನು ಮಾಡ್ಲಿ ಮಿಸೆಸ್ ಪ್ರೂಯಿಟ್, ಬಂದೋರೆಲ್ಲ ಅದನ್ನೇ ಕೇಳ್ತಾರೆ," ಅಂದ. ನಾನು ಪೆಟ್ಟಿಗೆಯ ಮುಂದಿನಿಂದ ಕದಲಲಿಲ್ಲ. ಅವನು ಬಗ್ಗಿ ಅದರ ಕರೆಂಟಿನ ತಂತಿ ಕಿತ್ತ. ಮನೆಗೆ ಬಂದೆ. ಎಲ್ವುಡ್ ಕಣ್ಣು ತೆರೆದು, "ಯಾಕಮ್ಮಾ ನಿಲ್ಸಿದ್ರು? ನನ್ನ ಜಾಗ ಬರ್ತಾ ಇತ್ತು," ಅಂದ.

ಆಮೇಲೆ ಅವನು ಹೆಚ್ಚು ಮಾತಾಡಲಿಲ್ಲ. ಹೋದ ವರ್ಷ ಫೆಬ್ರವರಿಯ ಮಂಜಿನಲ್ಲಿ ಹೂಳಿದೆವು. ಹಾಸಿಗೆಯನ್ನು ಹಿತ್ತಲಿನಲ್ಲಿ ಸುಟ್ಟು, ಕೋಣೆಗೆ ಸುಣ್ಣ ಬಳಿಸಿದೆ.

ಅಷ್ಟರೊಳಗೆ ಬ್ರಿಗ್ಸ್ ನಿನ್ನನ್ನು ಒಮಾಹಾದಿಂದ ಕರೆಸಿ ಎಲ್ವುಡ್‌ನ ಕುರ್ಚಿಯಲ್ಲಿ ಕೂರಿಸಿದ್ದ. ಆ ಬೇಸಿಗೆ ವಾದ್ಯದವರ ಸಂಘ ಹೊಸ ಪ್ಲೇಟಿಗೆ ಯಾರೂ ನುಡಿಸಕೂಡದೆಂದು ತಡೆ ಹಾಕಿತು. ಹೊಸ ಹಾಡು ಬರುವುದು ನಿಂತಿತು, ಹಳೆಯದೇ ತಿರುಗಿತು, ನನ್ನ ಮಗನಿಗೆ ಬಿಡುಗಡೆ ಇಲ್ಲವಾಯಿತು.

ಈ ವರ್ಷದ ಈಸ್ಟರ್‌ಗೆ ಬ್ಯಾಂಡು ಊರಿಗೆ ಬಂತು. ಉಳಿಯಲು ಹೋಟೆಲಿಲ್ಲವಲ್ಲ, ಎಂದಿನಂತೆ ನಿಮ್ಮನ್ನೆಲ್ಲ ಮನೆಮನೆಗೆ ಹಂಚಿದರು. ನಿನ್ನನ್ನು ನನ್ನ ಮನೆಗೇ ಏಕೆ ಕಳಿಸಿದನೆಂದು ಬ್ರಿಗ್ಸನನ್ನು ನಾನು ಕೇಳಲಿಲ್ಲ. ನೀನು ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದೆ. ಮೈಮೇಲೆ ಬ್ಯಾಂಡಿನ ನೀಲಿ ಕೋಟು. ತೋಳು ನಿನಗೆ ಉದ್ದ. ಮೊಣಕೈ ಹತ್ತಿರ ಹರಿದದ್ದನ್ನು ಹೊಲಿದ ನೂಲು ನನ್ನದೇ ಎಂದು ನಾನು ಬಾಗಿಲಲ್ಲಿಯೇ ಗುರುತು ಹಿಡಿದೆ. ಊಟಕ್ಕೆ ಕೂರಿಸಿದೆ. ಯುದ್ಧದಿಂದ ಮಾಂಸ ಅಳತೆಯಲ್ಲಿ ಸಿಗುವ ಕಾಲ, ಅದಕ್ಕೇ ಕೋಳಿ ಮಾಡಿದ್ದೆ, ಸೊಪ್ಪು, ಜೋಳದ ರೊಟ್ಟಿ ಇತ್ತು. ಯೂನಿಸ್ ನಿನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನು ಎಲ್ವುಡ್ ಅಲ್ಲ ಕಣಯ್ಯ. ಎಲ್ವುಡ್‌ನ ಕೋಟು ನೇತುಹಾಕಿರೋ ಗೂಟ," ಅಂದಳು.

ನೀನು ರೊಟ್ಟಿ ಮುರಿಯುತ್ತ, "ಗೂಟ ಗಟ್ಟಿಯಾಗಿದ್ರೆ ಕೋಟು ಕೆಳಗೆ ಬೀಳಲ್ಲ ಅಕ್ಕ," ಅಂದೆ. ಅವಳು ನಕ್ಕಳು. ಅಣ್ಣ ಹೋದ ಮೇಲೆ ಆ ಮೇಜಿನಲ್ಲಿ ಅವಳು ನಕ್ಕದ್ದು ಅದೇ ಮೊದಲು. ನನಗೆ ನೀನು ಅಲ್ಲಿಯೇ ಹಿಡಿಸಿದೆ. ಮುಖದಲ್ಲಿ ತೋರಿಸಲಿಲ್ಲ.

ಮಾರನೆಯ ದಿನ ಈಸ್ಟರ್ ಸೋಮವಾರ. ನನಗೆ ಹಬ್ಬವಾದರೂ ಸೋಮವಾರ ಸೋಮವಾರವೇ. ತೊಟ್ಟಿಯ ಮುಂದೆ ಇದ್ದೆ. ನೀನು ನಡುಮನೆಯಲ್ಲಿ ರಾತ್ರಿಯ ಕುಣಿತಕ್ಕೆ ಅಭ್ಯಾಸ ಮಾಡುತ್ತಿದ್ದೆ. ಎಲ್ವುಡ್‌ನ ಸ್ವರಗಳು ಒಂದೂ ಬಿಡದೆ ಬಂದವು. ಆ ಜಾಗ ಬಂತು. ನೀನು ನಿಂತೆ. ನನ್ನ ಕೈಯೂ ನಿಂತಿತು. ಆಮೇಲೆ ಗೋಡೆಯ ಆಚೆಯಿಂದ, ಹಲ್ಲಿನ ಸಂದಿಯಿಂದ ಎಳೆದ ಆ ಸ್ಸ್ ಎಂಬ ಉಸಿರು ಕೇಳಿಸಿತು. ಒಂದು ವರ್ಷದ ಹಿಂದೆ ಅದೇ ಮನೆಯಲ್ಲಿ, ಅದೇ ಗೋಡೆಯ ಆಚೆಯಿಂದ, ಹಗಲೂ ರಾತ್ರಿ ಕೇಳಿದ ಸದ್ದು. ಅದು ನಿಂತದ್ದನ್ನು ನಾನು ಕೂತು ಕೇಳಿದ್ದೇನೆ. ಮತ್ತೆ ಶುರುವಾಗಿತ್ತು.

ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತೆ. ನೀನು ಏನೂ ಅರಿಯದೆ ಮುಖ ಅರಳಿಸಿಕೊಂಡು ಹೇಳಿದೆ, "ಕೇಳಿಸ್ತಾ ಅಮ್ಮಾವ್ರೇ? ಆ ಉಸಿರು ಎಳೆಯೋದನ್ನೂ ಬಿಟ್ಟಿಲ್ಲ. ಪ್ಲೇಟನ್ನ ಬೆರಳಲ್ಲಿ ತಡೆದು ತಡೆದು ಕೇಳಿ ಕಲಿತೆ. ಅಲ್ಲಿ ಅವರು ಏನು ಯೋಚಿಸ್ತಿದ್ರೋ! ನಾನಂತೂ ಏಟು ಎಣಿಸ್ತೀನಿ. ಅವರು ಎಣಿಸ್ತಿರಲಿಲ್ಲ ಅನ್ಸತ್ತೆ. ಎಂಥ ಜಾಣತನ ಅಲ್ವಾ?"

ತೊಟ್ಟಿಯ ಪಕ್ಕಕ್ಕೆ ಕರೆದೆ. ಮನೆಯ ಒಳಗೆ ಹೇಳುವ ಮಾತಾಗಿರಲಿಲ್ಲ. "ಅದು ಜಾಣತನ ಅಲ್ಲ ಹುಡುಗ. ಅಲ್ಲಿ ನನ್ನ ಮಗನಿಗೆ ಉಸಿರು ಸಿಗಲಿಲ್ಲ. ನೀನು ದಿನಾ ನುಡಿಸ್ತಿರೋದು ಅವನ ಕ್ಷಯ."

ನೀನು ತೊಟ್ಟಿಯ ಅಂಚು ಹಿಡಿದುಕೊಂಡೆ. ನಾನು ಮುಂದುವರಿಸಿದೆ, "ಇವತ್ತು ಬ್ರಿಗ್ಸ್ ನನ್ನನ್ನೂ ಕರೆದಿದಾನೆ, ಎಲ್ವುಡ್‌ನ ತಾಯಿ ಅಂತ ಜನಕ್ಕೆ ತೋರಿಸೋಕೆ. ಬರ್ತೀನಿ. ನನ್ನೆದುರು ಆ ಸದ್ದು ಬರಕೂಡದು. ನಿನ್ನ ಎದೇಲಿ ಗಾಳಿ ಇದೆ. ಆ ಜಾಗದಲ್ಲಿ ಊದು."

"ಜನ ಬಿಡಲ್ಲ ಅಮ್ಮಾವ್ರೇ. ಬ್ರಿಗ್ಸ್ ಕುರ್ಚಿ ಕಿತ್ಕೋತಾನೆ."

"ಹೌದು."

"ಈ ಬಸ್ಸಲ್ಲಿ ಊರೂರು ಸುತ್ತೋವರೆಗೂ, ಸೈನ್ಯಕ್ಕೆ ಸೇರು ಅಂತ ಬರೋ ಕಾಗದಕ್ಕೆ ನಾನು ಸಿಗಲ್ಲ. ಇಳಿದ ದಿನ ಸಿಕ್ತೀನಿ."

ಅಷ್ಟು ಕೇಳಿಯೂ ನಾನು ನನ್ನ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ, ನೆನಪಿದೆಯೆ? ಗೊತ್ತಿಲ್ಲದೆ ಕೇಳಿದೆ ಎಂದು ಇವತ್ತು ಹೇಳಿ ನುಣುಚಿಕೊಳ್ಳುವುದಿಲ್ಲ. ಗೊತ್ತಿದ್ದೇ ಕೇಳಿದೆ. ನೀನೂ ಗೊತ್ತಿದ್ದೇ ತಲೆಯಾಡಿಸಿದೆ. ಬಿಡಿಸಿ ಹೇಳುವ ಅಗತ್ಯವಿಲ್ಲದಷ್ಟು ದೊಡ್ಡವರು ನಾವಿಬ್ಬರೂ.

ಮ್ಯಾಗ್ನೋಲಿಯಾ ಹಾಲಿಗೆ ಭಾನುವಾರದ ಕಪ್ಪು ಬಟ್ಟೆ ಹಾಕಿ ಬಂದೆ. ಕೆಳಗೆ ನಮ್ಮ ಜನ ಕಾಲಿಡಲು ಜಾಗವಿಲ್ಲದಷ್ಟು. ಮೇಲಿನ ಉಪ್ಪರಿಗೆಯಲ್ಲಿ ಬಿಳಿಯರು, ಕುಣಿಯಲು ಬಂದವರಲ್ಲ, ನಾವು ಕುಣಿಯುವುದನ್ನು ನೋಡಲು ಟಿಕೆಟು ಕೊಂಡವರು. ನನ್ನನ್ನು ವೇದಿಕೆಯ ಪಕ್ಕ ಕೂರಿಸಿದರು. ಬ್ರಿಗ್ಸ್ ಕೈ ಚಾಚಿ ನನ್ನ ಹೆಸರು ಹೇಳಿದ. ಜನ ಕೂಗಿದ ಕೂಗಿಗೆ ಕುರ್ಚಿ ಅದುರಿತು. ಇಷ್ಟೊಂದು ಬಾಯಿಗಳಲ್ಲಿ ನನ್ನ ಮಗನ ಹೆಸರು! ಹೆಮ್ಮೆ ಆಗಲಿಲ್ಲ ಎಂದರೆ ಸುಳ್ಳು.

ಹಾಡು ಶುರುವಾಯಿತು. ನನ್ನ ಕೈಯ ಏಟು, ಎರಡು ಉಜ್ಜು ಒಂದು ಜಾಡಿಕೆ, ಅಷ್ಟು ದೊಡ್ಡ ಬ್ಯಾಂಡಿನ ಬಾಯಲ್ಲಿ. ನೆಲವೆಲ್ಲ ಒಂದೇ ಮೈಯಾಗಿ ತೂಗಿತು. ನೀನು ಎದ್ದು ನಿಂತೆ. ಆ ಜಾಗ ಬಂತು. ಅಷ್ಟು ಜನ ಎತ್ತಿದ ಕಾಲು ಎತ್ತಿದಂತೆ ನಿಂತರು. ಯೂನಿಸ್ ನನ್ನ ಮುಂದೆಯೇ ಇದ್ದಳು, ಒಂದು ಕೈ ಮೇಲೆತ್ತಿ, ಕಣ್ಣು ಮುಚ್ಚಿ. ಆಗ ನೀನು ಊದಿದೆ. ಒಂದೇ ಸ್ವರ, ಉದ್ದಕ್ಕೆ, ನಡುಗದೆ, ಎಂಟು ಏಟಿನ ಉದ್ದಕ್ಕೂ ಹಿಡಿದು, ಉಸಿರು ಕಡಿಯದೆ ಆ ಕೆಳಗಿನ ಸ್ವರಕ್ಕೆ ಇಳಿಸಿದೆ. ನಾನು ಕುರ್ಚಿಯ ತೋಳು ಹಿಡಿದು ಕೂತಿದ್ದೆ. ರೂಬೆನ್, ನನ್ನ ಮಗ ಹೋದ ಮೇಲೆ ನಾನೂ ಒಮ್ಮೆ ಎದೆ ತುಂಬ ಉಸಿರೆಳೆದುಕೊಂಡದ್ದು ಆವಾಗಲೇ.

ಆಮೇಲಿನದು ನಿನಗೆ ನೆನಪಿಸಬೇಕಿಲ್ಲ. ನಿಂತಿದ್ದವರು ಒಬ್ಬರ ಮೇಲೊಬ್ಬರು ಮುಗ್ಗರಿಸಿದರು. ಮೊದಲು ನಗು, ಆಮೇಲೆ ಕೂಗು. "ಏಯ್, ಕೆಡಿಸ್ಬಿಟ್ನಲ್ಲೋ!" "ಎಲ್ವುಡ್ ಊದಿದ ಹಾಗೆ ಊದೋ, ಇಲ್ಲ ಇಳಿಯೋ ಕೆಳಗೆ!" ಉಪ್ಪರಿಗೆಯಿಂದ ಯಾರೋ ಸೋಡಾ ಚೆಲ್ಲಿದರು. ಬ್ರಿಗ್ಸ್ ಹಲ್ಲು ಕಿರಿಯುತ್ತ ಜನಕ್ಕೆ ಕೈಮುಗಿದು, ಅದೇ ಹಾಡನ್ನು ಮತ್ತೆ ಮೊದಲಿಂದ ಎತ್ತಿಸಿದ. ತಪ್ಪು ತಿದ್ದಿಕೊಳ್ಳಲು ನಿನಗೆ ದಾರಿ ಬಿಟ್ಟುಕೊಟ್ಟಿದ್ದ. ಎರಡನೇ ಸಲವೂ ನೀನು ಊದಿದೆ. ಆ ಎರಡನೆಯದನ್ನು ನಾನು ನಿನ್ನಿಂದ ಬೇಡಿರಲಿಲ್ಲ. ಅದು ನೀನಾಗಿ ಕೊಟ್ಟದ್ದು.

ಪರದೆಯ ಹಿಂದೆ ಅವನು ನಿನಗೆ ಹೇಳಿದ ಮಾತು ನನಗೂ ಕೇಳಿಸಿತು. "ಜನ ಬಂದಿರೋದು ನಿನ್ನನ್ನ ಕೇಳೋಕಲ್ಲ, ಸತ್ತವನನ್ನ ಕೇಳೋಕೆ. ಕೋಟು ಬಿಚ್ಚಿಡು." ನೀನು ಬಿಚ್ಚಿ, ಮಡಿಸಿ, ಕುರ್ಚಿಯ ಮೇಲಿಟ್ಟೆ. ಬೆಳಿಗ್ಗೆ ನಾನು ಕಟ್ಟಿಕೊಟ್ಟ ಬುತ್ತಿ ಹಿಡಿದು ಒಮಾಹಾದ ರೈಲು ಹತ್ತಿದೆ. ನೀನು ಹೇಳಿದಂತೆಯೇ ಸೈನ್ಯದ ಕಾಗದಕ್ಕೆ ನೀನು ಸಿಕ್ಕೆ. ಅವರ ಬ್ಯಾಂಡಿನಲ್ಲಿ ಕರಿಯನಿಗೆ ಜಾಗವಿಲ್ಲವೆಂದು ಹಡಗಿನ ಮೂಟೆ ಹೊರುವ ದಳಕ್ಕೆ ಹಾಕಿದರು.

ಇಲ್ಲಿಯವರೆಗೆ ನಿನಗೆ ಗೊತ್ತಿದ್ದದ್ದು. ಗೊತ್ತಿಲ್ಲದ್ದು ಈಗ.

ನೀನು ಹೋದ ಆ ಮಂಗಳವಾರ ಯೂನಿಸ್ ಕೆಲಸಕ್ಕೆ ಹೋಗಲಿಲ್ಲ. ನಾನು ಇಸ್ತ್ರಿ ಮಾಡುತ್ತಿದ್ದೆ. ಅವಳು ಎದುರಿಗೆ ಬಂದು ನಿಂತಳು. "ನೀನೇ ಹೇಳಿಕೊಟ್ಟಿದ್ದು ಅಲ್ವಾ? ಆ ಹುಡುಗನಿಗೆ ಅಷ್ಟು ಎದೆಗಾರಿಕೆ ತಾನಾಗಿ ಬರಲ್ಲ."

"ನಾನೇ. ನಿಮಗೆಲ್ಲ ಅಲ್ಲಿ 'ನಿಲ್ಲೋ' ಆಟ. ಅಲ್ಲಿ ಏನಾಗಿತ್ತು ಅಂತ ಗೊತ್ತಿದ್ದಿದ್ರೆ ಯಾರೂ ಕುಣೀತಿರಲಿಲ್ಲ," ಅಂದೆ.

"ಗೊತ್ತಿತ್ತಮ್ಮ."

ಇಸ್ತ್ರಿಪೆಟ್ಟಿಗೆಯನ್ನು ಒಲೆಯ ಮೇಲೆ ವಾಪಸ್ಸಿಟ್ಟೆ.

"ಹದಿನೆಂಟನೇ ಬೀದೀಲಿ ಗೊತ್ತಿಲ್ಲದೋರು ಯಾರು? ಅವನ ಲೋಟ ಬೇರೆ ಇಟ್ಟಿದ್ದೆ, ನನಗೆ ಕಣ್ಣಿಲ್ವಾ? ಹಾಸಿಗೆನ ಹಿತ್ತಲಲ್ಲಿ ಸುಟ್ಟಾಗ ಹೊಗೆ ಇಡೀ ಓಣಿಗೆ ಬಂತು. ನಿನ್ನ ಎದುರಿಗೆ ಯಾರೂ ಬಾಯಿ ಬಿಡಲಿಲ್ಲ ಅಷ್ಟೆ. ನೀನು ಮಿಸೆಸ್ ಪ್ರೂಯಿಟ್ ಅಲ್ವಾ!" ಅವಳು ಇಸ್ತ್ರಿಯ ಮೇಜಿಗೆ ಇನ್ನೂ ಹತ್ತಿರ ಬಂದಳು. "ಮೊದಲು ಆಟವೇ ಆಗಿತ್ತು. ಅವನು ಹೋದ ಮೇಲೆ ಅಲ್ಲ. ಹೂಳುವ ದಿನ ಸಹ ನೀನು ನನ್ನನ್ನ ಅಳೋಕೆ ಬಿಡಲಿಲ್ಲ, ಜನ ನೋಡ್ತಾರೆ ಬೆನ್ನು ನೆಟ್ಟಗಿಡು ಅಂದೆ. ನಾನು ಎಲ್ಲಿ ಅಳಲಿ? ಅಲ್ಲಿ, ಆ ಎಂಟು ಏಟಲ್ಲಿ, ಇಡೀ ಹಾಲು ನಮ್ಮಣ್ಣನಿಗೋಸ್ಕರ ಉಸಿರು ಹಿಡಿದು ನಿಂತ್ಕೊಳ್ಳತ್ತೆ. ಬೇರೆ ಯಾವ ಕರಿಯನಿಗೆ ಅಷ್ಟು ಜನ ನಿಂತಿದಾರೆ ಹೇಳು. ಅದನ್ನೂ ನೀನು ಊದಿಸಿ ಮುಚ್ಚಿಸಿಬಿಟ್ಟೆ."

ಒಲೆಯ ಮೇಲೆ ಇಸ್ತ್ರಿಪೆಟ್ಟಿಗೆ ಕಾದು ಕೂತಿತ್ತು. ಎತ್ತಿಕೊಂಡೆ, ಆ ಅಂಗಿ ಮುಗಿಸಿದೆ. ಯಾವ ಮನೆಯ ಅಂಗಿ ಎಂಬುದು ಇವತ್ತಿಗೂ ನೆನಪಿದೆ. ಕುತ್ತಿಗೆಪಟ್ಟಿ ಸ್ವಲ್ಪ ಸುಟ್ಟಿತು. ಈ ಕೈಯಲ್ಲಿ ಸುಟ್ಟದ್ದು ಅದೊಂದೇ.

ಆಮೇಲೆ ತುಂಬ ದಿನ ಯೋಚಿಸಿದೆ. ಒಂದೇ ಜಾಗ. ಅಲ್ಲಿ ನನಗೆ ಮಗ ಸಾಯುವುದು ಕೇಳಿಸುತ್ತದೆ, ಅವಳಿಗೆ ಜನ ಅಳುವುದು ಕೇಳಿಸುತ್ತದೆ. ಇಬ್ಬರ ಕಿವಿಯೂ ಸರಿಯಾಗಿಯೇ ಇದೆ. ಬ್ರಿಗ್ಸ್ ಈಗ ಡೆನ್ವರಿನ ಒಬ್ಬನನ್ನು ಇಟ್ಟುಕೊಂಡಿದ್ದಾನಂತೆ. ಅವನೂ ನಿಲ್ಲುತ್ತಾನೆ, ಸ್ಸ್ ಎಂದು ಉಸಿರೆಳೆಯುತ್ತಾನೆ. ಡಾಬ್ಸನ ಪೆಟ್ಟಿಗೆಯ ಪ್ಲೇಟು ಸವೆದು ಸವೆದು ಆ ಜಾಗದಲ್ಲಿ ಈಗ ಡ್ರಮ್ಮು ಕೂಡ ಸರಿಯಾಗಿ ಕೇಳಿಸುವುದಿಲ್ಲ, ಬರೀ ಮುಳ್ಳು ಕೆರೆಯುವ ಸದ್ದು. ಆದರೂ ಜನ ಮಾಂಸ ಕಡಿಯುವುದನ್ನು ನಿಲ್ಲಿಸಿ ಕಾಯುತ್ತಾರೆ. ಹೋದ ವಾರ ಕಿಟಕಿಯಿಂದ ನೋಡಿದೆ. ನೋಡಿದೆ, ಪರದೆ ಎಳೆಯಲಿಲ್ಲ.

ಈಗ ನಿನಗೆ ಉತ್ತರ.

ಈಸ್ಟರ್ ಸೋಮವಾರ ನೀನು ಮಾಡಿದ್ದು ಸರಿ. ನನಗೆ ಅದು ಬೇಕಿತ್ತು. ಸೇರಿದ ಜನಕ್ಕೆ ಅದು ಕೆಟ್ಟ ಕುಣಿತ, ನನಗೆ ನನ್ನ ಮಗ ಒಂದು ಸಲ ಪೂರ್ತಿ ಉಸಿರಾಡಿದ ದಿನ. ಅದರ ಬೆಲೆಯಾಗಿ ನೀನು ಬೆನ್ನ ಮೇಲೆ ಮೂಟೆ ಹೊರುತ್ತಿದ್ದೀಯ, ನಾಳೆ ಯಾವ ನೀರಿನ ಮೇಲೆ ಇರುತ್ತೀಯೋ ಗೊತ್ತಿಲ್ಲ. ಇದನ್ನು ನಾನು ದಿನವೂ ನೆನೆಯುತ್ತೇನೆ. ಆದರೆ ಆ ಸ್ವರವನ್ನು ವಾಪಸ್ಸು ಕೊಡು ಎಂದು ದೇವರೇ ಬಂದು ಕೇಳಿದರೂ ಕೊಡುವುದಿಲ್ಲ. ಆದ್ದರಿಂದ ವಾದ್ಯ ಮುಟ್ಟುವುದಿಲ್ಲ ಎಂಬ ಮಾತನ್ನು ಇಲ್ಲಿಗೇ ಬಿಡು. ಇನ್ನೊಂದು ಸಲ ಬರೆದರೆ ಆ ಪತ್ರಕ್ಕೆ ಉತ್ತರ ಬರುವುದಿಲ್ಲ.

ಶಿಬಿರದ ಕುಣಿತದಲ್ಲಿ ಆ ಜಾಗ ಬಂದಾಗ ಊದಬೇಡ. ನಿಲ್ಲು. ಆ ಹುಡುಗರು ನಿಂತುಕೊಳ್ಳಲಿ. ಪ್ರತಿಯೊಬ್ಬನೂ ಯಾರಿಗೋಸ್ಕರ ನಿಲ್ಲುತ್ತಾನೋ ಅದು ಅವನಿಗೇ ಬಿಟ್ಟದ್ದು. ಮುಂದೆ ಅವರಲ್ಲಿ ಎಷ್ಟು ಜನಕ್ಕೆ ಯಾರು ನಿಲ್ಲುತ್ತಾರೋ, ಹೂಳುವವರಾದರೂ ಟೋಪಿ ತೆಗೆಯುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಅವರ ಪಾಲಿನ ಎಂಟು ಏಟು ಅವರಿಗೆ ಈಗಲೇ ಸಿಗಲಿ.

ಆದರೆ ಆ ಸ್ಸ್ ಎನ್ನುವ ಸದ್ದು ಬೇಡ. ಅದು ಹಾಡಿನದಲ್ಲ, ನನ್ನ ಮನೆಯದು. ಅದನ್ನು ಕಲಿತಿದ್ದೀಯ, ಮರೆ. ಎಲ್ವುಡ್ ಅಲ್ಲಿ ನಿಂತದ್ದು ಎದೆ ಖಾಲಿಯಾಗಿ. ನೀನು ಎದೆ ತುಂಬಿಕೊಂಡು ನಿಲ್ಲು. ಆ ಎಂಟು ಏಟಿನಲ್ಲಿ ಎಣಿಸುತ್ತ ಕೂರಬೇಡ. ಮೂಗಿನಿಂದ, ನಿಧಾನವಾಗಿ, ಹೊಟ್ಟೆಯ ತಳದವರೆಗೆ ಗಾಳಿ ಎಳೆದುಕೋ. ಎಲ್ಲರೂ ಉಸಿರು ಹಿಡಿದಿರುವಾಗ ಆ ಹಾಲಿನಲ್ಲಿ ಒಬ್ಬನಾದರೂ ಉಸಿರಾಡುತ್ತಿರಬೇಕು. ಆಮೇಲೆ ಆ ಕೆಳಗಿನ ಸ್ವರವನ್ನು ಊದು. ಎಲ್ವುಡ್‌ನದು ಒಂದು ಏಟಿಗೇ ಮುಗಿದುಹೋಗುತ್ತದೆ. ನಿನ್ನದು ಎಷ್ಟು ದೂರ ಹೋಗುತ್ತದೋ ಹೋಗಲಿ.

ಯೂನಿಸ್ ಈ ಕಾಗದದ ಜೊತೆ ಉಣ್ಣೆಯ ಕಾಲುಚೀಲ ಕಳಿಸುತ್ತಿದ್ದಾಳೆ. ಗೂಟಕ್ಕೆ ಕೊಡು ಅಂದಳು.

ತಿರುಗಿ ಬಂದರೆ ಸೋಮವಾರವೇ ಬಾ. ನನ್ನ ಭುಜ ಮೊದಲಿನಂತಿಲ್ಲ, ತೊಟ್ಟಿಗೆ ನೀರು ಎತ್ತಿ ಹಾಕಲು ಒಬ್ಬರು ಬೇಕು. ಬಾರದೆ ಹೋದರೆ, ನಿನಗಾಗಿ ನಾನು ನಿಲ್ಲುತ್ತೇನೆ. ಕೈಯಲ್ಲಿ ಯಾವ ಬಟ್ಟೆ ಇದ್ದರೂ ಸರಿ, ಎಂಟು ಏಟು ಉಜ್ಜುವುದನ್ನು ನಿಲ್ಲಿಸುತ್ತೇನೆ. ಪ್ರತಿ ಸೋಮವಾರ, ಈ ಕೈ ನಡೆಯುವವರೆಗೆ.

ದೇವರು ನಿನ್ನ ಎದೆಯ ಗಾಳಿಯನ್ನು ಕಾಯಲಿ.

ಮಿಸೆಸ್ ಒಡೆಸ್ಸಾ ಪ್ರೂಯಿಟ್